ಚದರಕ್ಕೆ ಎಷ್ಟು ಅಂತ ಜರ್ಮನಿಯಲ್ಲಿ ಕೇಳಬೇಡಿ

ಜರ್ಮನಿಯಲ್ಲಿ ಮನೆ ಕಟ್ಟಿಸೋ ಯೋಚನೆ ಇದೆ ಅಂತ ಊರಿಗೆ ಫೋನ್ ಮಾಡಿ ಹೇಳಿದರೆ ಬರುವ ಮೊದಲ ಪ್ರಶ್ನೆ, "ಚದರಕ್ಕೆ ಎಷ್ಟು ಬೀಳುತ್ತೆ?" ನಮ್ಮ ಕಡೆ ಮನೆಯ ಲೆಕ್ಕ ಶುರುವಾಗುವುದೇ ಅಲ್ಲಿಂದ. ನೂರು ಚದರಡಿಗೆ ಒಂದು ಚದರ. ಹನ್ನೆರಡು ಚದರವೋ ಹದಿನೈದು ಚದರವೋ ಅಂತ ತೀರ್ಮಾನ ಮಾಡಿ, ಮೇಸ್ತ್ರಿ ಹೇಳಿದ ರೇಟಿನಿಂದ ಗುಣಿಸಿ, ಸಂಪು, ಬೋರ್‌ವೆಲ್, ಕಾಂಪೌಂಡ್ ಅಂತ ಮೇಲೊಂದಿಷ್ಟು ಸೇರಿಸಿದರೆ ಅಂದಾಜು ಸಿದ್ಧ. ಆ ಅಂದಾಜು ಮೀರದ ಮನೆಯನ್ನು ನಾನಂತೂ ನೋಡಿಲ್ಲ. ಆದರೂ ಎಲ್ಲಿ ಮೀರಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. ಸಿಮೆಂಟ್ ರೇಟ್ ಏರಿತು, ಎಂ-ಸ್ಯಾಂಡ್ ಎರಡು ಲೋಡ್ ಜಾಸ್ತಿ ಹಿಡಿಯಿತು, ಟೈಲ್ಸ್ ಅಂಗಡಿಯಲ್ಲಿ ಎಲ್ಲರಿಗೂ ದುಬಾರಿಯದ್ದೇ ಇಷ್ಟವಾಯಿತು.

ಇದೇ ಪ್ರಶ್ನೆ ಹಿಡಿದು ಇಲ್ಲಿನ ರೆಡಿಮೇಡ್ ಮನೆ ಕಂಪನಿಗೆ ಹೋದರೆ ಉತ್ತರ ಸಿಗುತ್ತದೆ. ಅಚ್ಚುಕಟ್ಟಾಗಿ, ಬಣ್ಣದ ಪುಸ್ತಕದಲ್ಲಿ ಪ್ರಿಂಟ್ ಆಗಿಯೇ ಸಿಗುತ್ತದೆ. ಅದನ್ನೇ ಮನೆಯ ಖರ್ಚು ಅಂತ ನಂಬುವುದೆಂದರೆ ಛತ್ರದ ಬಾಡಿಗೆಯನ್ನೇ ಮದುವೆ ಖರ್ಚು ಅಂದುಕೊಂಡ ಹಾಗೆ.

ಮೊದಲು ಇದು ಎಂಥ ಮನೆ ಅಂತ ಹೇಳಿಬಿಡುತ್ತೇನೆ. ಇಲ್ಲಿ ಇದಕ್ಕೆ ಫೆರ್ಟಿಗ್‌ಹೌಸ್ ಅನ್ನುತ್ತಾರೆ. ಗೋಡೆಗಳು ಫ್ಯಾಕ್ಟರಿಯಲ್ಲಿ ತಯಾರಾಗುತ್ತವೆ. ಮರದ ಚೌಕಟ್ಟು, ನಡುವೆ ಚಳಿ ತಡೆಯುವ ಹತ್ತಿಯಂಥ ವಸ್ತು, ಒಳಗಡೆ ಜಿಪ್ಸಮ್ ಬೋರ್ಡು. ಕಿಟಕಿ ಕೂಡ ಅಲ್ಲೇ ಕೂರಿಸಿ ಲಾರಿಗೆ ಹೇರುತ್ತಾರೆ. ಸೈಟಿನಲ್ಲಿ ಕ್ರೇನ್ ಬಂದು ಎರಡು ಮೂರು ದಿನದಲ್ಲಿ ಗೋಡೆ ನಿಲ್ಲಿಸಿ ಛಾವಣಿ ಹೊದಿಸುತ್ತದೆ. ದೇಶದಲ್ಲಿ ಹೊಸದಾಗಿ ಕಟ್ಟುವ ಒಂದು-ಎರಡು ಕುಟುಂಬದ ಮನೆಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇಂಥವೇ. ನಾನಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಈ ಪಾಲು ಇನ್ನೂ ಜಾಸ್ತಿ. ಸ್ಟುಟ್‌ಗಾರ್ಟ್ ಪಕ್ಕದ ಫೆಲ್‌ಬಾಖ್‌ನಲ್ಲಿ, ಫ್ರಾಂಕ್‌ಫರ್ಟ್ ಪಕ್ಕದ ಬಾಡ್ ವಿಲ್‌ಬೆಲ್‌ನಲ್ಲಿ ಬೇರೆ ಬೇರೆ ಕಂಪನಿಗಳ ಮಾದರಿ ಮನೆಗಳ ಬೀದಿಗಳೇ ಇವೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದೊಂದೇ ಮನೆ ಹೊಕ್ಕು ನೋಡಿ ಬರಬಹುದು.

ನಮ್ಮ ಚಿಕ್ಕಪ್ಪನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ್ದು, "ಮರದ ಮನೆನಾ? ಗೆದ್ದಲು ಹಿಡಿದ್ರೆ ಏನೋ ಮಾಡ್ತೀಯ?" ಗೆದ್ದಲಿನ ಕಾಟ ಇಲ್ಲಿಲ್ಲ ಚಿಕ್ಕಪ್ಪ ಅಂದೆ. ದುಡ್ಡು ತಿನ್ನುವುದು ಬೇರೆ ಇದೆ ಅನ್ನುವುದನ್ನು ಫೋನಿನಲ್ಲಿ ಹೇಳುವುದು ಕಷ್ಟ.

ಅಳತೆಯಿಂದಲೇ ಶುರು ಮಾಡೋಣ. 140 ಚದರ ಮೀಟರ್ ಮನೆ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹದಿನೈದು ಚದರ ಅಂತ ಗುಣಿಸಿಬಿಡುತ್ತೇವೆ. ಆದರೆ ಊರಲ್ಲಿ ಚದರ ಅಳೆಯುವುದು ಗೋಡೆ ಸೇರಿಸಿ. ಇಲ್ಲಿ ವಾಸದ ಜಾಗ ಅಂತ ಎಣಿಸುವುದು ಗೋಡೆಯ ಒಳಗಿನ ನೆಲ ಮಾತ್ರ. ಇಳಿಜಾರು ಛಾವಣಿಯ ಕೆಳಗೆ ಎರಡು ಮೀಟರ್‌ಗಿಂತ ಕಡಿಮೆ ಎತ್ತರವಿರುವ ಜಾಗ ಅರ್ಧ ಲೆಕ್ಕ, ಒಂದು ಮೀಟರ್‌ಗಿಂತ ಕಡಿಮೆ ಇದ್ದರೆ ಲೆಕ್ಕಕ್ಕೇ ಇಲ್ಲ. ಹೊರಗಿನ ಟೆರೇಸ್, ಅಂದರೆ ನಮ್ಮ ತಾರಸಿಯಲ್ಲ, ಮನೆಗೆ ಅಂಟಿದ ಜಗಲಿಯಂಥ ಜಾಗ, ಸಾಮಾನ್ಯವಾಗಿ ಕಾಲು ಭಾಗ ಲೆಕ್ಕ. ಇದು ಕಾನೂನಿನ ಅಳತೆ. ಆದರೆ ಕೆಲವು ಕಂಪನಿಗಳು ಪುಸ್ತಕದಲ್ಲಿ ಬೇರೆ ಅಳತೆ ಹಾಕಿರುತ್ತವೆ. ಇಳಿಜಾರಿನ ಕೆಳಗಿನ ನೆಲವನ್ನೂ ಪೂರ್ತಿ ಸೇರಿಸಿದ ಅಳತೆ ಅದು. ಅದರಲ್ಲಿ ಮನೆ ದೊಡ್ಡದಾಗಿ, ಚದರ ಮೀಟರ್ ರೇಟು ಅಗ್ಗವಾಗಿ ಕಾಣುತ್ತದೆ. ಯಾವ ಅಳತೆ ಅಂತ ಕೇಳದೆ ಎರಡು ಕಂಪನಿಗಳ ರೇಟನ್ನು ಪಕ್ಕಪಕ್ಕ ಇಟ್ಟರೆ ಪ್ರಯೋಜನವಿಲ್ಲ.

ಅಳತೆಗಿಂತ ದೊಡ್ಡ ವಿಷಯ ಒಂದಿದೆ. ಬೆಲೆ ಎಲ್ಲಿಂದ ಶುರು? ಬಹಳಷ್ಟು ಬೆಲೆಪಟ್ಟಿಗಳಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಈ ಬೆಲೆ ಪಾಯದ ಕಾಂಕ್ರೀಟ್ ಬೆಡ್‌ನ ಮೇಲ್ಮೈಯಿಂದ ಮೇಲಕ್ಕೆ ಮಾತ್ರ ಅಂತ. ಅಂದರೆ ಪಾಯ ನಿಮ್ಮದು. ಮಣ್ಣು ಅಗೆಯುವುದು ನಿಮ್ಮದು. ಅಗೆದ ಮಣ್ಣು ಸಾಗಿಸುವುದೂ ನಿಮ್ಮದು. ಊರಲ್ಲಿ ಯಾವ ಮೇಸ್ತ್ರಿಯೂ ಪಾಯ ಬಿಟ್ಟು ಮನೆಗೆ ರೇಟ್ ಹೇಳುವುದಿಲ್ಲ. ಹೇಳಿದರೆ ನಾವು ನಕ್ಕುಬಿಡುತ್ತೇವೆ. ಇಲ್ಲಿ ಅದು ಮಾಮೂಲು. ಅದರಲ್ಲಿ ಮೋಸವೇನೂ ಇಲ್ಲ, ಕಾರಣವೂ ಇದೆ. ಫ್ಯಾಕ್ಟರಿಗೆ ಗೊತ್ತಿರುವುದು ತನ್ನ ಗೋಡೆ. ನಿಮ್ಮ ಸೈಟಿನ ಕೆಳಗೆ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದಕ್ಕೆ ಪಕ್ಕಾ ಬೆಲೆ ಕೊಟ್ಟು, ಗೊತ್ತಿಲ್ಲದ್ದನ್ನು ನಿಮ್ಮ ತಲೆಗೆ ಬಿಟ್ಟಿರುತ್ತಾರೆ.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ರೆಡಿಮೇಡ್ ಮನೆಯ ಬಜೆಟ್ ಬರೆಯಬೇಕಾದ್ದು ಮಣ್ಣಿನಿಂದ ಮೇಲಕ್ಕೆ. ಮನೆ ಮಾಡೆಲ್ ಆಮೇಲೆ. ಸೈಟ್ ಕೈಗೆ ಬಂದ ಮೇಲೆ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಬೇಕು. ಸಾವಿರದಿಂದ ಎರಡೂವರೆ ಸಾವಿರ ಯೂರೋ ಹಿಡಿಯಬಹುದು. ಕೆಲವರಿಗೆ ಇದು ದಂಡದ ಖರ್ಚು ಅನಿಸುತ್ತದೆ. ಆದರೆ ಜೇಡಿಮಣ್ಣು ಇದೆಯೋ, ಅಂತರ್ಜಲ ಮೇಲಿದೆಯೋ, ಪಾಯದ ಕೆಳಗೆ ಎಷ್ಟು ಜಲ್ಲಿ ತುಂಬಬೇಕು ಅನ್ನುವುದೆಲ್ಲ ಆ ವರದಿಯಲ್ಲಿ ಇರುತ್ತದೆ. ಅಗೆದು ತೆಗೆದ ಮಣ್ಣನ್ನು ಸುಮ್ನೆ ಎಲ್ಲೋ ಕೆರೆ ಪಕ್ಕ ಸುರಿದು ಬರುವ ಹಾಗಿಲ್ಲ. ಅದರಲ್ಲಿ ಏನು ಸೇರಿದೆ ಅಂತ ಪರೀಕ್ಷೆ ಆಗಬೇಕು, ದರ್ಜೆಗೆ ತಕ್ಕ ಜಾಗಕ್ಕೆ ಹೋಗಬೇಕು, ದುಡ್ಡು ಕೊಡಬೇಕು. ಇಳಿಜಾರು ಸೈಟ್ ಆದರೆ ಇನ್ನೂ ಕಷ್ಟ. ಸ್ಟುಟ್‌ಗಾರ್ಟ್ ಸುತ್ತಮುತ್ತ ಸೈಟ್ ಸಮತಟ್ಟಾಗಿ ಸಿಕ್ಕರೆ ಅದೃಷ್ಟ. ನೆಲಮಾಳಿಗೆ ಬೇಕು ಅಂತ ಆಸೆ ಇದ್ದರೆ 50,000 ಯೂರೋಗಿಂತ ಜಾಸ್ತಿ ಅಂತಲೇ ಬರೆದುಕೊಳ್ಳಿ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಇದು ಬರೀ ಅಂದಾಜು, ನಿಮ್ಮ ಸೈಟಿಗೆ ಬೇರೆ ಬರುತ್ತದೆ. ಪುಸ್ತಕದಲ್ಲಿ ಮನೆಯ ಬೆಲೆ 4,00,000 ಯೂರೋ ಅಂತಿದೆ ಅಂದುಕೊಳ್ಳಿ. ಸೈಟಿನ ದುಡ್ಡು ಬೇರೆ. ಕಾಂಕ್ರೀಟ್ ಬೆಡ್‌ಗೆ 30,000. ಮಣ್ಣಿನ ಕೆಲಸಕ್ಕೆ 20,000. ನೀರು, ಕರೆಂಟು, ಒಳಚರಂಡಿ, ಇಂಟರ್‌ನೆಟ್ ರಸ್ತೆಯಿಂದ ಮನೆಗೆ ಬರಲು 15,000. ಮಣ್ಣಿನ ವರದಿ, ಸರ್ವೆಯವರು, ಪ್ಲ್ಯಾನ್ ಮಂಜೂರಾತಿ ಸೇರಿ 10,000. ಕೆಲಸ ನಡೆಯುವಾಗಿನ ಕರೆಂಟು, ನೀರು, ಟಾಯ್ಲೆಟ್ ಬಾಡಿಗೆ, ವಿಮೆ ಅಂತ 5,000. ಇಲ್ಲಿಗೇ 80,000 ಆಯಿತು. ಮನೆ ಒಂದಿಂಚೂ ದೊಡ್ಡದಾಗಿಲ್ಲ. ಮುಂದೆ ಟೈಲ್ಸ್, ಬಾಗಿಲು, ಪ್ಲಗ್ ಪಾಯಿಂಟು ಅಂತ ನೀವು ಏರಿಸಿಕೊಳ್ಳುವುದಕ್ಕೆ 30,000. ಅಡುಗೆಮನೆಗೆ 15,000. ಹೊರಗಡೆ ಕಾರು ನಿಲ್ಲಿಸುವ ಜಾಗ, ದಾರಿ, ಬೇಲಿಗೆ 25,000. ಕಟ್ಟುವ ತಿಂಗಳುಗಳಲ್ಲಿ ಬಾಡಿಗೆಯ ಜೊತೆಗೆ ಬೀಳುವ ಬಡ್ಡಿ, ಎರಡೂ ಸೇರಿ 15,000. ಅನಿರೀಕ್ಷಿತ ಖರ್ಚಿಗೆ ಅಂತ ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು 30,000. ಎಲ್ಲ ಕೂಡಿದರೆ 5,95,000. ನಾಲ್ಕು ಲಕ್ಷದ ಮನೆ ಹತ್ತಿರ ಹತ್ತಿರ ಆರು ಲಕ್ಷ. ಇದು ಭಯ ಹುಟ್ಟಿಸುವ ಲೆಕ್ಕ ಅಂತ ಕೆಲವರು ಹೇಳಿದ್ದಾರೆ. ಬ್ಯಾಂಕಿನಲ್ಲಿ ಸಾಲ ಪಾಸಾದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ವಾಸಿ.

ಅಡುಗೆಮನೆ ವಿಷಯದಲ್ಲಿ ನಮ್ಮವರು ಸಾಮಾನ್ಯವಾಗಿ ಬೇಸ್ತು ಬೀಳುತ್ತಾರೆ. ಊರಲ್ಲಿ ಗ್ರಾನೈಟ್ ಕಟ್ಟೆ, ಸಿಂಕು ಎಲ್ಲ ಮನೆಯ ಜೊತೆಗೇ ಬರುವಂಥದ್ದು. ಇಲ್ಲಿ ಅಡುಗೆಮನೆ ಅಂದರೆ ನಾಲ್ಕು ಗೋಡೆ, ಗೋಡೆಯಿಂದ ಹೊರಗೆ ಚಾಚಿದ ನೀರಿನ ಪೈಪು, ಅಷ್ಟೇ. ಮಾದರಿ ಮನೆಯಲ್ಲಿ ನೀವು ನೋಡಿದ ಅಡುಗೆಮನೆ, ಸೋಫಾ, ದೊಡ್ಡ ಗಾಜಿನ ಮೂಲೆ, ಮೆಟ್ಟಿಲ ಮೇಲಿನ ತೆರೆದ ಜಾಗ, ಕಾರು ನಿಲ್ಲಿಸುವ ಚಪ್ಪರ ಯಾವುದೂ ಪುಸ್ತಕದ ಬೆಲೆಯಲ್ಲಿ ಇರುವುದಿಲ್ಲ. ಮಾರಾಟದವರನ್ನು ನೇರವಾಗಿ ಕೇಳಿ, "ನಾವು ಈಗ ನಿಂತಿರೋ ಈ ಮನೆ, ಹೀಗೇ, ಎಷ್ಟಾಗುತ್ತೆ?" ಹೇಳುತ್ತಾರೆ. ಕೇಳದಿದ್ದರೆ ಹೇಳುವುದಿಲ್ಲ. ಇನ್ನು ಬೀಗದ ಕೈ ಕೊಡುವ ಹಂತದವರೆಗೆ ಅಂತ ಬೋರ್ಡಿನಲ್ಲಿ ಬರೆದಿದ್ದರೂ ಗೋಡೆಗೆ ಬಣ್ಣ, ಕೋಣೆಗಳ ನೆಲಹಾಸು ಇಲ್ಲದ ಒಪ್ಪಂದಗಳು ಬೇಕಾದಷ್ಟಿವೆ. ಆ ಬೋರ್ಡಿಗೆ ಕಾನೂನಿನಲ್ಲಿ ಇಂಥದ್ದೇ ಅಂತ ಅರ್ಥ ಇಲ್ಲ. ಕೆಲಸದ ವಿವರ ಬರೆದ ಕಾಗದದಲ್ಲಿ ಏನಿದೆಯೋ ಅದೇ ಮನೆ.

ಆ ಕಾಗದದ ಬಗ್ಗೆ ಜರ್ಮನ್ನರನ್ನು ಮೆಚ್ಚಲೇಬೇಕು. 2018ರ ಜನವರಿ 1ರಿಂದ ಇಲ್ಲಿನ ಸಿವಿಲ್ ಕಾನೂನಿನಲ್ಲಿ ಮನೆ ಕಟ್ಟಿಸುವ ಸಾಮಾನ್ಯ ಗ್ರಾಹಕರಿಗೆ ಪ್ರತ್ಯೇಕ ನಿಯಮಗಳು ಬಂದಿವೆ. ಸಹಿ ಹಾಕುವ ಮೊದಲೇ ಕೆಲಸದ ವಿವರವನ್ನು ಬರವಣಿಗೆಯಲ್ಲಿ ಕೊಡಬೇಕು. ಯಾವಾಗ ಮುಗಿಯುತ್ತದೆ, ಇಲ್ಲವೇ ಎಷ್ಟು ದಿನ ಹಿಡಿಯುತ್ತದೆ ಅಂತ ಒಪ್ಪಂದದಲ್ಲಿ ಇರಬೇಕು. ಸಹಿ ಹಾಕಿದ ಮೇಲೂ ಸಾಮಾನ್ಯವಾಗಿ 14 ದಿನದೊಳಗೆ ಹಿಂದೆ ಸರಿಯಬಹುದು. ಕೆಲಸ ಒಪ್ಪಿಸಿಕೊಳ್ಳುವ ತನಕ ಕಂತುಗಳಲ್ಲಿ ಒಟ್ಟು ಬೆಲೆಯ 90%ಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಮೊದಲ ಕಂತು ಕೊಡುವಾಗ, ಕೆಲಸ ಸರಿಯಾಗಿ ಮುಗಿಸಿಕೊಡುತ್ತೇವೆ ಅನ್ನುವುದಕ್ಕೆ ಒಟ್ಟು ಬೆಲೆಯ 5% ಭದ್ರತೆ ನಿಮಗೆ ಸಿಗಬೇಕು. ಮನೆ ಒಪ್ಪಿಸಿಕೊಂಡ ಮೇಲೆ ಐದು ವರ್ಷ ದೋಷಗಳ ಹೊಣೆ ಅವರದು.

ಊರಲ್ಲಿ ಇದೆಲ್ಲ ಯಾರಿಗಿದೆ? ನಾವು ನಂಬುವುದು ಮೇಸ್ತ್ರಿಯ ಮುಖವನ್ನು. ಶನಿವಾರ ಬಟವಾಡೆ ಕೊಡುವಾಗ ಎಷ್ಟು ಕೆಲಸ ಆಗಿದೆ ಅಂತ ಕಣ್ಣಲ್ಲೇ ಅಳೆದು ದುಡ್ಡು ಎಣಿಸುತ್ತೇವೆ. ಆದರೆ ಒಂದು ಮಾತು. ವಾರಕ್ಕೊಮ್ಮೆ ಕೊಡುವ ಆ ಪದ್ಧತಿಯಲ್ಲಿ ಕೈ ಹಿಡಿತ ಇತ್ತು. ಮುಂದಿನ ವಾರ ದುಡ್ಡಿಲ್ಲದಿದ್ದರೆ ಕೆಲಸ ನಿಲ್ಲುತ್ತಿತ್ತು, ಅಷ್ಟೇ. ಎರಡು ತಿಂಗಳು ಬಿಟ್ಟು ಗಾರೆ ಕೆಲಸ ಶುರು ಮಾಡಿದ ಮನೆಗಳು ನಮ್ಮ ಬೀದಿಯಲ್ಲೇ ಎಷ್ಟೋ ಇದ್ದವು. ಫ್ಯಾಕ್ಟರಿ ಮನೆಯಲ್ಲಿ ಆ ಸೌಕರ್ಯ ಇಲ್ಲ. ದಿನ ಗೊತ್ತಾಗಿದೆ, ಲಾರಿ ಬರುತ್ತದೆ, ಗೋಡೆ ನಿಲ್ಲುತ್ತದೆ, ದೊಡ್ಡ ಕಂತಿನ ಬಿಲ್ಲು ಬರುತ್ತದೆ. ಅಂದರೆ ಇಲ್ಲಿ ದುಡ್ಡು ಕೈ ತಪ್ಪುವುದು ಸೈಟಿನಲ್ಲಲ್ಲ. ಅದಕ್ಕೆ ತಿಂಗಳುಗಳ ಮೊದಲು, ಎ.ಸಿ. ರೂಮಿನಲ್ಲಿ, ಕಾಫಿ ಕಪ್ ಮುಂದೆ.

ಆ ರೂಮಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಪ್ಪಂದ ಆದ ಮೇಲೆ ಕಂಪನಿಯವರು ತಮ್ಮ ಫ್ಯಾಕ್ಟರಿಗೆ ಕರೆಸುತ್ತಾರೆ. ಸಾಮಾನ್ಯವಾಗಿ ಎರಡು ದಿನ. ಬಾಗಿಲು, ಹಿಡಿ, ಟೈಲ್ಸ್, ನಲ್ಲಿ, ಮೆಟ್ಟಿಲು, ಸ್ವಿಚ್ಚು ಎಲ್ಲವನ್ನೂ ಅಲ್ಲೇ ಆರಿಸಬೇಕು. ಮೇಜಿನ ಮೇಲೆ ಪ್ಲ್ಯಾನ್ ಹರಡಿ, ಪ್ರತಿ ಗೋಡೆಗೂ ಎಷ್ಟು ಪ್ಲಗ್ ಅಂತ ಗುರುತು ಹಾಕುತ್ತಾರೆ. ಒಪ್ಪಂದದಲ್ಲಿ ಒಂದು ಕೋಣೆಗೆ ಇಂತಿಷ್ಟು ಅಂತ ಇರುತ್ತದೆ. ಅದರ ಮೇಲೆ ಹಾಕಿದ ಒಂದೊಂದಕ್ಕೂ ದುಡ್ಡು. ಕೇಳುವಾಗ ಚಿಲ್ಲರೆ ಅನಿಸುತ್ತದೆ. ಟಿವಿ ಹಿಂದೆ ಮೂರು, ಹಾಸಿಗೆಯ ಎರಡೂ ಪಕ್ಕ, ದೇವರ ಮೂಲೆಗೊಂದು, ವರಾಂಡಕ್ಕೊಂದು ಅಂತ ಸೇರಿಸುತ್ತಾ ಹೋದರೆ ಸಂಜೆಗೆ ಕರೆಂಟ್ ಕೆಲಸದ ಬಿಲ್ಲೇ ಸಾವಿರಗಳಲ್ಲಿ ಏರಿರುತ್ತದೆ.

"ಆಮೇಲೆ ಹಾಕಿಸಿಕೊಂಡರೆ ಆಯ್ತಲ್ವಾ?" ಅಂತ ನಮ್ಮವರು ಕೇಳುವುದು ಸಹಜ. ಊರಲ್ಲಿ ವೈರಿಂಗ್‌ನವನು ಚಾಕ್‌ಪೀಸ್‌ನಲ್ಲಿ ಗೋಡೆಗೆ ಗೆರೆ ಎಳೆಯುತ್ತಾನೆ, ಕೊರೆಯುತ್ತಾನೆ, ಪೈಪು ಹಾಕಿ ಮೆತ್ತುತ್ತಾನೆ. ಇಲ್ಲಿನ ಗೋಡೆಯ ಒಳಮೈಯಲ್ಲಿ ತೇವ ತಡೆಯುವ ಒಂದು ಹಾಳೆ ಇರುತ್ತದೆ. ಒಳಗಿನ ಬಿಸಿ ಗಾಳಿಯ ತೇವ ಮರದ ಚೌಕಟ್ಟಿಗೆ ಹೋಗಿ ಕೂರದಿರಲಿ ಅಂತ ಅದನ್ನು ಹಾಕಿರುತ್ತಾರೆ. ಬೇಕಾದ ಕಡೆಯೆಲ್ಲ ಕೊರೆದು ಆ ಹಾಳೆ ಹರಿದರೆ ಒಳಗೆ ಬೂಸ್ಟು ಹಿಡಿಯಲು ದಾರಿ ಮಾಡಿಕೊಟ್ಟ ಹಾಗೆ. ಹಾಗಾಗಿ ಹೊರಗೋಡೆಯ ಪ್ಲಗ್ಗುಗಳ ವಿಷಯದಲ್ಲಿ ನಾನು ಧಾರಾಳವಾಗಿರಿ ಅಂತಲೇ ಹೇಳುತ್ತೇನೆ. ಟೈಲ್ಸ್, ಬಾಗಿಲ ಹಿಡಿ, ಶವರ್ ವಿಷಯದಲ್ಲಿ ಜುಗ್ಗರಾಗಿರಿ. ಅವನ್ನು ಹತ್ತು ವರ್ಷ ಬಿಟ್ಟೂ ಬದಲಾಯಿಸಬಹುದು.

ನಮ್ಮವರಿಗೇ ಬರುವ ಕೆಲವು ಖರ್ಚುಗಳಿವೆ. ಇವು ಯಾವ ಜರ್ಮನ್ ಪಟ್ಟಿಯಲ್ಲೂ ಸಿಗುವುದಿಲ್ಲ. ಹೊಸ ಮನೆಗಳು ಗಾಳಿ ಸೋರದ ಹಾಗೆ ಮುಚ್ಚಿರುತ್ತವೆ. ಯಂತ್ರವೇ ಗಾಳಿ ಒಳಗೆ ಹೊರಗೆ ಮಾಡುತ್ತದೆ. ಅಡುಗೆಮನೆಯ ಚಿಮಣಿ ಹೆಚ್ಚಾಗಿ ಹೊಗೆಯನ್ನು ಸೋಸಿ ಮತ್ತೆ ಒಳಗೇ ಬಿಡುವಂಥದ್ದು. ದಿನಕ್ಕೆರಡು ಸಲ ಒಗ್ಗರಣೆ ಹಾಕುವ ಮನೆಗೆ ಇದು ಸಾಲದು. ಹೊರಗೆ ಬಿಡುವ ಚಿಮಣಿ ಬೇಕಾದರೆ ಗೋಡೆಯಲ್ಲಿ ತೂತು ಫ್ಯಾಕ್ಟರಿಯಲ್ಲೇ ಆಗಬೇಕು, ಒಳಬರುವ ಗಾಳಿಗೂ ವ್ಯವಸ್ಥೆ ಆಗಬೇಕು. ಬಚ್ಚಲಿನ ನೆಲದಲ್ಲಿ ನೀರು ಹೋಗುವ ಜಾಲರಿ ಇಲ್ಲಿ ವಾಡಿಕೆಯಲ್ಲಿಲ್ಲ. ಕಮೋಡ್ ಪಕ್ಕದ ಜೆಟ್ ಸ್ಪ್ರೇಗೂ ನೀರಿನ ಪಾಯಿಂಟು ಬೇಕು. ಅಮ್ಮ ಬಂದು ಆರು ತಿಂಗಳು ಇರುತ್ತಾರೆ ಅಂತಾದರೆ ಕೆಳಗೊಂದು ಮಲಗುವ ಕೋಣೆ, ಪಕ್ಕದಲ್ಲೇ ಸ್ನಾನದ ಮನೆ ಬೇಕು. ಇವೆಲ್ಲ ಮೊದಲೇ ಹೇಳಿದರೆ ಪ್ಲ್ಯಾನಿನಲ್ಲಿ ಸೇರುತ್ತವೆ. ಪ್ಲ್ಯಾನ್ ಮಂಜೂರಾದ ಮೇಲೆ ಹೇಳಿದರೆ ಬದಲಾವಣೆಯ ಶುಲ್ಕವೂ ಸೇರುತ್ತದೆ.

ತೆರಿಗೆಗೆ ಬರೋಣ. ಕರ್ನಾಟಕದಲ್ಲಿ ಸ್ಟಾಂಪ್ ಡ್ಯೂಟಿ, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ 1%ನಿಂದ 2%ಕ್ಕೆ ಏರಿತು. ಜರ್ಮನಿಯಲ್ಲಿ ಜಮೀನು ಕೊಂಡಾಗಿನ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬವೇರಿಯಾದಲ್ಲಿ 3.5%, ಬಾಡೆನ್-ವುರ್ಟೆಂಬರ್ಗ್‌ನಲ್ಲಿ 5%, ಹೆಸ್ಸೆನ್‌ನಲ್ಲಿ 6%, ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ 6.5%. ಮೇಲೆ ನೋಟರಿ ಮತ್ತು ಭೂದಾಖಲೆಗೆ ಒಂದೂವರೆ ಎರಡು ಶೇಕಡಾ. ಇಲ್ಲಿ ನೋಟರಿ ಮುಂದೆ ಒಂದು ಬೆಲೆ, ಕೈಯಲ್ಲಿ ಒಂದು ಬೆಲೆ ಅನ್ನೋ ಆಟವಿಲ್ಲ.

ಆದರೆ ಇದರಲ್ಲಿ ಒಂದು ಕೊಕ್ಕೆ ಇದೆ. ಬರೀ ಸೈಟ್ ಕೊಂಡು, ಮನೆಯನ್ನು ಸಂಬಂಧವೇ ಇಲ್ಲದ ಬೇರೆ ಕಂಪನಿಯಿಂದ ಕಟ್ಟಿಸಿದರೆ ತೆರಿಗೆ ಸೈಟಿನ ಬೆಲೆಗೆ ಮಾತ್ರ. ಸೈಟ್ ಮಾರುವವರು, ಮನೆ ಕಟ್ಟುವವರು ಒಬ್ಬರೇ ಆಗಿದ್ದರೆ, ಇಲ್ಲವೇ ಕೈಜೋಡಿಸಿ ಒಟ್ಟಿಗೆ ಮಾರಿದ್ದರೆ, ಎರಡೂ ಒಂದೇ ವ್ಯವಹಾರ ಅಂತ ತೆರಿಗೆ ಇಲಾಖೆ ಮನೆಯ ಬೆಲೆಗೂ ತೆರಿಗೆ ಹಾಕಬಹುದು. 4,00,000 ಯೂರೋ ಮನೆಗೆ 5% ಅಂದರೆ 20,000. ಅಡುಗೆಮನೆ ಬಂದುಬಿಡುತ್ತಿತ್ತು. "ಸೈಟೂ ನಾವೇ ಹುಡುಕಿ ಕೊಡ್ತೀವಿ" ಅಂತ ಮಾರಾಟದವರು ಹೇಳಿದಾಗ ಖುಷಿಪಡುವ ಮೊದಲು ಈ ಲೆಕ್ಕ ಹಾಕಿ. ಸೈಟ್ ಇಲ್ಲದೆ ಮನೆಗೆ ಸಹಿ ಹಾಕಿಸುವ ಪದ್ಧತಿಯೂ ಇದೆ. ಹಾಕುವುದಾದರೆ, ಸೈಟ್ ಸಿಗದಿದ್ದರೆ ದಂಡವಿಲ್ಲದೆ ಹೊರಬರುವ ಹಕ್ಕು ಬರವಣಿಗೆಯಲ್ಲಿ ಇರಲಿ. ಪಕ್ಕಾ ಬೆಲೆಯ ಗ್ಯಾರಂಟಿ ಹೆಚ್ಚಾಗಿ ಒಂದು ವರ್ಷ, ಒಂದೂವರೆ ವರ್ಷಕ್ಕೆ ಇರುತ್ತದೆ. ಸೈಟಿನ ಗಲಾಟೆಯಲ್ಲೇ ಆ ಅವಧಿ ಮುಗಿದರೆ ಬೆಲೆ ಮತ್ತೆ ಮಾತುಕತೆಗೆ ಬರುತ್ತದೆ.

ಸಮಯವೇ ದುಡ್ಡು ಅನ್ನುವುದು ರೆಡಿಮೇಡ್ ಮನೆಯಲ್ಲಿ ಅಕ್ಷರಶಃ ನಿಜ. ಗೋಡೆ ಮೂರು ದಿನದಲ್ಲಿ ಎದ್ದು ನಿಂತ ವಿಡಿಯೋ ನೋಡಿ ಮುಂದಿನ ತಿಂಗಳು ಗೃಹಪ್ರವೇಶ ಅಂದುಕೊಳ್ಳುತ್ತಾರೆ. ಒಳಗಿನ ಕೆಲಸಕ್ಕೆ ಇನ್ನೂ ಮೂರು ನಾಲ್ಕು ತಿಂಗಳು ಬೇಕು. ನೆಲಕ್ಕೆ ಹಾಕಿದ ಗಾರೆ ಒಣಗಲೇ ವಾರಗಟ್ಟಲೆ ಹಿಡಿಯುತ್ತದೆ. ಚಳಿಗಾಲದಲ್ಲಿ ಹೀಟರು, ತೇವ ಹೀರುವ ಯಂತ್ರ ಹಗಲು ರಾತ್ರಿ ಓಡುತ್ತವೆ. ಆ ಕರೆಂಟ್ ಬಿಲ್ಲು ಮನೆ ಯಜಮಾನನಿಗೇ. ಇತ್ತ ಬಾಡಿಗೆ ನಿಂತಿಲ್ಲ, ಅತ್ತ ತೆಗೆದುಕೊಂಡ ಸಾಲಕ್ಕೆ ಬಡ್ಡಿ ಶುರುವಾಗಿದೆ. ತೆಗೆದುಕೊಳ್ಳದ ಸಾಲಕ್ಕೂ ಇಲ್ಲಿ ಬಡ್ಡಿ ಇದೆ! ಬ್ಯಾಂಕು ನಿಮಗಾಗಿ ದುಡ್ಡು ತೆಗೆದಿಟ್ಟಿದೆ ಅಂತ ಆರು ತಿಂಗಳೋ ಹನ್ನೆರಡು ತಿಂಗಳೋ ಸುಮ್ಮನಿದ್ದು, ಆಮೇಲೆ ತಿಂಗಳಿಗೆ 0.25% ಹಾಕುವುದು ಸಾಮಾನ್ಯ. ಮೂರು ಲಕ್ಷ ಇನ್ನೂ ತೆಗೆದಿಲ್ಲ ಅಂದರೆ ತಿಂಗಳಿಗೆ 750 ಯೂರೋ. ಪ್ಲ್ಯಾನ್ ಮಂಜೂರಾತಿ ನಗರಸಭೆಯ ಮೇಜಿನ ಮೇಲೆ ಕೂತಿರುವಷ್ಟು ಕಾಲವೂ ಇದು ಓಡುತ್ತದೆ. ಸಾಲದ ಮಾತುಕತೆಯಲ್ಲಿ ಎಲ್ಲರೂ ಬಡ್ಡಿಯ ದಶಾಂಶಕ್ಕೆ ಜಗಳ ಆಡುತ್ತಾರೆ. ಈ ಸುಮ್ಮನಿರುವ ತಿಂಗಳುಗಳನ್ನು ಹನ್ನೆರಡಕ್ಕೆ ಏರಿಸಿಕೊಂಡರೆ ಉಳಿಯುವುದೇ ಜಾಸ್ತಿ.

ಸರ್ಕಾರದ ಸಹಾಯವನ್ನು ಬಜೆಟ್ಟಿನ ತಳಪಾಯ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆ.ಎಫ್.ಡಬ್ಲ್ಯು. ಅನ್ನೋ ಸರ್ಕಾರಿ ಬ್ಯಾಂಕು ಕಡಿಮೆ ಕರೆಂಟು ತಿನ್ನುವ ಮನೆಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. 2022ರ ಜನವರಿ 24ರಂದು ಹೊಸ ಅರ್ಜಿಗಳನ್ನು ದಿಢೀರ್ ಅಂತ ನಿಲ್ಲಿಸಿಬಿಟ್ಟರು. ಅಷ್ಟರೊಳಗೆ ಹಾಕಿದ್ದ ಅರ್ಜಿಗಳನ್ನು ನೋಡುತ್ತೇವೆ ಅಂತ ಸರ್ಕಾರ ಆಮೇಲೆ ಹೇಳಿತು ನಿಜ. ಆದರೆ ಹಾಕಲು ಹೊರಟಿದ್ದವರ ಕಥೆ? ಅದೇ ವರ್ಷ 1%ರ ಆಸುಪಾಸಿನಲ್ಲಿದ್ದ ಗೃಹಸಾಲದ ಬಡ್ಡಿ ವರ್ಷದ ಕೊನೆಗೆ 4%ರ ಹತ್ತಿರ ಹೋಯಿತು. 2023ರಲ್ಲಿ ಹೊಸ ಯೋಜನೆಗಳು ಬಂದವು. ಮಕ್ಕಳಿರುವ ಕುಟುಂಬಗಳ ಯೋಜನೆಯಲ್ಲಿ ಮೊದಲು ವರ್ಷಕ್ಕೆ 60,000 ಯೂರೋ ಆದಾಯದ ಮಿತಿ ಇತ್ತು, ಕೆಲವೇ ತಿಂಗಳಲ್ಲಿ 90,000ಕ್ಕೆ ಏರಿಸಿದರು. ಬರುವುದಾದರೆ ಬರಲಿ, ಅದಿಲ್ಲದೆಯೂ ನಿಲ್ಲುವ ಲೆಕ್ಕ ಇರಲಿ. ಕೆಲವು ಕಡೆ ಸರ್ಕಾರವೇ ಖರ್ಚು ಹೇರುತ್ತದೆ. ಬಾಡೆನ್-ವುರ್ಟೆಂಬರ್ಗ್‌ನಲ್ಲಿ 2022ರ ಮೇ 1ರಿಂದ ಹೊಸ ವಾಸದ ಮನೆಗಳಿಗೆ ಸೋಲಾರ್ ಪ್ಯಾನೆಲ್ ಕಡ್ಡಾಯ. 2023ರಿಂದ ಅದರ ಮೇಲೆ ಮಾರಾಟ ತೆರಿಗೆ ಸೊನ್ನೆ ಅನ್ನುವುದೊಂದು ಸಮಾಧಾನ.

ಸರ್ಕಾರದ ಸಹಾಯದ ಹಾಗೆಯೇ ಬಜೆಟ್ಟಿನ ತಳಪಾಯ ಮಾಡಬಾರದ ಇನ್ನೊಂದು, ಊರಿನ ಸೈಟ್. "ಮೈಸೂರಲ್ಲಿ ಒಂದು 30x40 ಇದೆ, ಮಾರಿ ತರ್ತೀವಿ" ಅಂತ ಬಜೆಟ್ಟಿನಲ್ಲಿ ಬರೆದುಕೊಳ್ಳುವವರು ಬಹಳ. ಅನಿವಾಸಿಗಳು ಆಸ್ತಿ ಮಾರಿದರೆ ಕೊಳ್ಳುವವರು ತೆರಿಗೆ ಹಿಡಿದುಕೊಂಡೇ ದುಡ್ಡು ಕೊಡಬೇಕು. ಅನಿವಾಸಿಗಳ ಊರಿನ ದುಡ್ಡು ಬಂದು ಬೀಳುವ ಎನ್.ಆರ್.ಓ. ಖಾತೆಯಿಂದ ದೇಶದ ಹೊರಗೆ ತರಲು ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಿತಿ. ಅದು ನಮಗೆ ಸಾಕು, ಆದರೆ ಲೆಕ್ಕಪರಿಶೋಧಕರ ಪ್ರಮಾಣಪತ್ರ, ಫಾರಂಗಳು, ಅಣ್ಣತಮ್ಮಂದಿರ ಸಹಿ ಎಲ್ಲ ಮುಗಿಯಬೇಕು. ಇಲ್ಲಿನ ಬ್ಯಾಂಕು ಅದಕ್ಕೆಲ್ಲ ಕಾಯುವುದಿಲ್ಲ. ಖಾತೆಗೆ ಬಂದು ಬಿದ್ದ ದುಡ್ಡು ಮಾತ್ರ ದುಡ್ಡು.

ಜರ್ಮನ್ ಸಹೋದ್ಯೋಗಿಗಳನ್ನು ನೋಡಿ ನಮ್ಮವರು ಕಲಿಯುವ ಇನ್ನೊಂದು ಆಸೆ, ಬಣ್ಣ, ನೆಲಹಾಸು ನಾವೇ ಮಾಡಿಕೊಳ್ಳೋಣ ಅನ್ನುವುದು. ಬ್ಯಾಂಕು ಅದನ್ನು ಸ್ವಲ್ಪ ಮಟ್ಟಿಗೆ ನಿಮ್ಮ ಸ್ವಂತ ಬಂಡವಾಳ ಅಂತಲೂ ಒಪ್ಪುತ್ತದೆ. ಆದರೆ ಅವರಿಗೆ ಡ್ರಿಲ್ಲಿಂಗ್ ಮಷೀನ್ ಹಿಡಿದು ಬರುವ ಭಾವಮೈದ ಇದ್ದಾನೆ, ಟ್ರೇಲರ್ ಇರುವ ಪಕ್ಕದ ಮನೆಯವನಿದ್ದಾನೆ. ನಮಗೆ ಇರುವುದು ಶನಿವಾರ ಮತ್ತು ಯೂಟ್ಯೂಬು. ಭಾನುವಾರ ಗದ್ದಲ ಮಾಡುವಂತಿಲ್ಲ. ಗೆಳೆಯರನ್ನು ಸಹಾಯಕ್ಕೆ ಕರೆದರೆ ಕಟ್ಟಡ ಕೆಲಸದ ಅಪಘಾತ ವಿಮೆಯ ಸಂಸ್ಥೆಯಾದ ಬಿ.ಜಿ. ಬೌನಲ್ಲಿ ಅವರನ್ನು ನೋಂದಾಯಿಸಬೇಕು, ಗಂಟೆ ಲೆಕ್ಕದಲ್ಲಿ ವಂತಿಗೆ ಕಟ್ಟಬೇಕು. ಬಿರಿಯಾನಿ ಹಾಕಿಸಿ ಕೆಲಸ ಮಾಡಿಸಿಕೊಂಡೆ ಅಂದರೆ ಅವರು ಕೇಳುವುದಿಲ್ಲ. ಬಣ್ಣ ಹಚ್ಚುವುದು ಸರಿ. ಅದಕ್ಕಿಂತ ಜಾಸ್ತಿ ಉಳಿತಾಯವನ್ನು ಕಾಗದದ ಮೇಲೆ ಬರೆಯಬೇಡಿ. ಬಾಡಿಗೆ ಎರಡು ತಿಂಗಳು ಮುಂದೆ ಹೋದರೆ ಅದೂ ಖರ್ಚಾಗಿಬಿಡುತ್ತದೆ.

ಒಂದು ಖರ್ಚನ್ನು ಮಾತ್ರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆಯಿರಿ. ಊರಲ್ಲಿ ಪ್ರತಿ ಕುಟುಂಬಕ್ಕೂ ಒಬ್ಬರು ರಿಟೈರ್ ಆದ ಪಿ.ಡಬ್ಲ್ಯು.ಡಿ. ಎಂಜಿನಿಯರ್ ಮಾವ ಇರುತ್ತಾರೆ. ಸ್ಕೂಟರಿನಲ್ಲಿ ಬಂದು, ಕಂಬಿ ಕಟ್ಟಿದ್ದು ನೋಡಿ, ಮೇಸ್ತ್ರಿಗೆ ಎರಡು ಮಾತು ಬೈದು ಕಾಫಿ ಕುಡಿದು ಹೋಗುತ್ತಾರೆ. ಇಲ್ಲಿ ಆ ಮಾವನನ್ನು ದುಡ್ಡು ಕೊಟ್ಟು ತರಬೇಕು. ಕಂಪನಿಗೆ ಸಂಬಂಧವಿಲ್ಲದ ಕಟ್ಟಡ ಪರೀಕ್ಷಕರು ಸಿಗುತ್ತಾರೆ. ಮನೆ ಕಟ್ಟಿಸುವವರ ಸಂಘಗಳೂ ಇವೆ, ಗ್ರಾಹಕ ಕೇಂದ್ರಗಳೂ ಇವೆ. ಕೆಲವು ಸಾವಿರ ಯೂರೋ ಆಗುತ್ತದೆ. ಒಪ್ಪಂದ ಓದಲು ಒಂದು ಸಲ, ಗೋಡೆ ನಿಂತಾಗ ಒಂದು ಸಲ, ಮನೆ ಒಪ್ಪಿಸಿಕೊಳ್ಳುವ ದಿನ ಒಂದು ಸಲ. ಆ ಕೊನೆಯ ದಿನ ಬಹಳ ಮುಖ್ಯ. ಒಪ್ಪಿಕೊಂಡೆ ಅಂತ ಸಹಿ ಹಾಕುವ ತನಕ ಕೆಲಸ ಸರಿ ಇದೆ ಅಂತ ತೋರಿಸಬೇಕಾದ್ದು ಅವರು. ಸಹಿ ಆದ ಮೇಲೆ ಸರಿ ಇಲ್ಲ ಅಂತ ತೋರಿಸಬೇಕಾದ್ದು ನೀವು.

ನಮ್ಮ ಪದ್ಧತಿಯಲ್ಲಿ ಇಲ್ಲಿಗೆ ತರಬೇಕಾದ್ದು ಏನೂ ಇಲ್ಲವೇ ಅಂದರೆ, ಇದೆ. ಊರಿನ ಮನೆಗಳ ತಾರಸಿಯ ಮೇಲೆ ಕಂಬದಿಂದ ಕಂಬಿಗಳು ಆಕಾಶಕ್ಕೆ ಚಾಚಿ ನಿಂತಿರುತ್ತವೆ. ಮುಂದೆ ದುಡ್ಡಾದಾಗ ಮೇಲೊಂದು ಮನೆ. ಜರ್ಮನ್ನರಿಗೆ ಇದು ಅರ್ಧಂಬರ್ಧ ಕೆಲಸದ ಹಾಗೆ ಕಾಣುತ್ತದೆ. ನನಗೆ ಅದು ಬಜೆಟ್ ಗೊತ್ತಿರುವವರ ಕೆಲಸ. ಕೈಯಲ್ಲಿರುವಷ್ಟರಲ್ಲಿ ಒಂದು ಹಂತ ಮುಗಿಸಿ, ಮುಂದಿನ ಹಂತಕ್ಕೆ ಬೇಕಾದ್ದನ್ನು ಈಗಲೇ ಒಳಗೆ ಇಟ್ಟುಬಿಡುವುದು. ಇಲ್ಲಿ ಗೋಡೆ ವಿಷಯದಲ್ಲಿ ಹಾಗೆ ಮಾಡಲು ಆಗದು. ಆದರೆ ಗ್ಯಾರೇಜು, ಬೇಲಿ, ತೋಟ, ಅಟ್ಟದ ಕೋಣೆಯ ಒಳಗೆಲಸ, ಕಾರು ಚಾರ್ಜ್ ಮಾಡುವ ಪಾಯಿಂಟು, ಟೆರೇಸಿನ ಕಲ್ಲು ಇವನ್ನೆಲ್ಲ ಎರಡು ಮೂರು ವರ್ಷ ಮುಂದೂಡಬಹುದು. ಮುಂದೂಡಿದರೆ ಆರು ಲಕ್ಷದ ಲೆಕ್ಕ ತಕ್ಷಣ ಇಳಿಯುತ್ತದೆ. ಜರ್ಮನ್ನರೂ ಎಷ್ಟೋ ಜನ ಮೊದಲೆರಡು ವರ್ಷ ಹಲಗೆಯ ಮೇಲೆ ನಡೆದು ಬಾಗಿಲಿಗೆ ಹೋಗುತ್ತಾರೆ, ಅದರಲ್ಲಿ ನಾಚಿಕೆಯೇನಿಲ್ಲ. ಅಟ್ಟಕ್ಕೆ ನೀರಿನ ಪೈಪು, ವೈರು ಹೋಗುವ ದಾರಿಯನ್ನು ಮಾತ್ರ ಪ್ಲ್ಯಾನಿನಲ್ಲಿ ಈಗಲೇ ಹಾಕಿಸಿ. ಕರೆಂಟು ನೀರಿನ ಗುಂಡಿ ತೆರೆದಿರುವ ದಿನವೇ ಗ್ಯಾರೇಜಿನ ಕಡೆಗೂ, ತೋಟದ ಕಡೆಗೂ ಒಂದೊಂದು ಖಾಲಿ ಪೈಪು ಮಲಗಿಸಿ, ಒಳಗೆ ದಾರ ಎಳೆದು, ಎರಡೂ ತುದಿಗೆ ಮುಚ್ಚಳ ಹಾಕಿ, ಎಲ್ಲಿದೆ ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮೀಟರಿಗೆ ಕೆಲವೇ ಯೂರೋ.